ನಾಲ್ಕು ಮುಕ್ಕಾಲು ವರ್ಷಕ್ಕೆ ಮಾಂಟೆಸ್ಸರಿ

ಮಗಳನ್ನು ಮಾಂಟೆಸ್ಸರಿಗೆ, ಅಂದರೆ ಮಕ್ಕಳು ತಾವೇ ಕೆಲಸ ಆರಿಸಿಕೊಂಡು ಕಲಿಯುವ ಶಾಲೆಗೆ, ಸೇರಿಸಿದಾಗ ಅವಳಿಗೆ ನಾಲ್ಕು ಮುಕ್ಕಾಲು ವರ್ಷ ಆಗಿತ್ತು. ಅಲ್ಲಿಗೆ ಮಕ್ಕಳು ಬರುವುದು ಸಾಮಾನ್ಯವಾಗಿ ಎರಡೂವರೆಗೆ, ಇಲ್ಲ ಅಂದರೆ ಮೂರಕ್ಕೆ. ನಾವು ಮೊದಲು ವಿಚಾರಿಸಿದ ಎರಡು ಕಡೆ ವಯಸ್ಸು ಕೇಳಿದ ಕೂಡಲೇ, ಇಷ್ಟು ದೊಡ್ಡ ಮಗುವನ್ನು ತಗೊಳ್ಳಲ್ಲ ಅಂದುಬಿಟ್ಟರು. ಮೂರನೇ ಕಡೆ ಒಪ್ಪಿಕೊಂಡರು. ಒಪ್ಪಿಕೊಂಡವರೂ "ಮೊದಲ ಆರು ತಿಂಗಳು ಏನು ಕಲಿತಳು ಅಂತ ಕೇಳಬೇಡಿ" ಅಂತ ಹೇಳಿಯೇ ಕಳಿಸಿದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇಲ್ಲ ಅಂದವರ ಮೇಲೆ ಆಗ ತುಂಬಾ ಸಿಟ್ಟು ಬಂದಿತ್ತು. ಅವರ ಲೆಕ್ಕ ಏನು ಅಂತ ಈಗ ಗೊತ್ತು. ಮಾಂಟೆಸ್ಸರಿಯಲ್ಲಿ ಮೂರರಿಂದ ಆರು ವರ್ಷದ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ ಇರುತ್ತಾರೆ, ಮೂರು ವರ್ಷ ಸೇರಿ ಒಂದು ಸುತ್ತು. ಮೊದಲ ವರ್ಷ ಮಗು ನೀರು ಸುರಿಯುತ್ತದೆ, ಗುಂಡಿ ಹಾಕುತ್ತದೆ, ದೊಡ್ಡ ಮಕ್ಕಳು ಮಾಡುವುದನ್ನು ನೋಡುತ್ತಾ ನಿಲ್ಲುತ್ತದೆ. ಎರಡನೇ ವರ್ಷ ಕೈ ಹದಕ್ಕೆ ಬರುತ್ತದೆ. ಮೂರನೇ ವರ್ಷ ಓದು, ಬರಹ, ಲೆಕ್ಕ ಎಲ್ಲ ಕೂಡಿ ಬರುತ್ತದೆ, ಚಿಕ್ಕವರಿಗೆ ಹೇಳಿಕೊಡುವ ಸರದಿಯೂ ಬರುತ್ತದೆ. ಐದರ ಹತ್ತಿರ ಬಂದ ಮಗು ಅಡಿಪಾಯದ ಎರಡು ವರ್ಷ ಬಿಟ್ಟು ನೇರ ಮೂರನೇದಕ್ಕೆ ಕಾಲಿಟ್ಟ ಹಾಗೆ. ಅದು ನಿಜ. ಆದರೆ ಅದಕ್ಕಾಗಿ ಬಾಗಿಲು ಹಾಕಬೇಕು ಅನ್ನುವುದನ್ನು ನಾನು ಈಗಲೂ ಒಪ್ಪಲ್ಲ.

ಈ ಪದ್ಧತಿ ಕಟ್ಟಿದ ಮರಿಯಾ ಮಾಂಟೆಸ್ಸರಿ 1907ರ ಜನವರಿ 6ರಂದು ರೋಮ್‌ನ ಸ್ಯಾನ್ ಲೊರೆಂಜೊದಲ್ಲಿ 'ಮಕ್ಕಳ ಮನೆ' ಅನ್ನುವ ತಮ್ಮ ಮೊದಲ ಶಾಲೆ ಶುರು ಮಾಡಿದರಲ್ಲ, ಅವತ್ತು ಅಲ್ಲಿಗೆ ಬಂದ ದೊಡ್ಡ ಮಕ್ಕಳೆಲ್ಲ ತಡವಾಗಿ ಬಂದವರೇ ಅಲ್ವಾ? ಅದಕ್ಕೂ ಮುಂಚೆ ಆ ಮನೆಯೇ ಇರಲಿಲ್ಲ. ಡಿಸೆಂಬರ್‌ನ ಒಂದು ಬಿಸಿಲಿನ ದಿನ ಮಕ್ಕಳ ಜೊತೆ ಮಹಡಿ ಮೇಲೆ ಇದ್ದಾಗ ನಡೆದದ್ದನ್ನು ಅವರೇ ಬರೆದಿಟ್ಟಿದ್ದಾರೆ. ಸುಮಾರು ಐದು ವರ್ಷದ ಒಬ್ಬ ಹುಡುಗ ಸೀಮೆಸುಣ್ಣದಲ್ಲಿ ಚಿಮಣಿಯ ಚಿತ್ರ ಬಿಡಿಸುತ್ತಿದ್ದ. ಇದ್ದಕ್ಕಿದ್ದಂತೆ ನನಗೆ ಬರೆಯೋಕೆ ಬರುತ್ತೆ ಅಂತ ಕೂಗಿ, ನೆಲದ ಮೇಲೆಯೇ 'ಕೈ' ಅಂತ ಬರೆದುಬಿಟ್ಟ. ಆಮೇಲೆ 'ಚಿಮಣಿ', ಆಮೇಲೆ 'ಸೂರು'. ಅವನು ಆ ಮನೆಗೆ ಎರಡೂವರೆಗೆ ಬಂದವನಲ್ಲ. ಭಯ ಆದಾಗಲೆಲ್ಲ ನಾನು ಆ ಹುಡುಗನನ್ನು ನೆನೆಸಿಕೊಳ್ಳುತ್ತಿದ್ದೆ.

ನಮ್ಮ ಮನೆಯಲ್ಲಿ ಅಷ್ಟು ಬೇಗ ಏನೂ ಆಗಲಿಲ್ಲ.

ಮಗಳು ಹಿಂದಿನ ನರ್ಸರಿಯಲ್ಲಿ ಒಂದೂವರೆ ವರ್ಷ ಇದ್ದಳು. ಅಲ್ಲಿ ಅವಳು ಚೆನ್ನಾಗಿ ಕಲಿತಿದ್ದು ಕಾಯುವುದನ್ನು. ಮಿಸ್ ಹೇಳುವವರೆಗೂ ಕೈ ಕಟ್ಟಿ ಕೂರುವುದು, ಹೇಳಿದ ಮೇಲೆ ಮಾಡುವುದು, ಮಾಡಿದ ಮೇಲೆ ಪುಸ್ತಕ ಹಿಡಿದು ಮಿಸ್ ಮುಖ ನೋಡುವುದು. ಹೊಸ ಶಾಲೆಯಲ್ಲಿ ಎರಡನೇ ವಾರ ನನ್ನನ್ನು ಒಂದು ಗಂಟೆ ಮೂಲೆಯಲ್ಲಿ ಕೂತು ನೋಡಲು ಬಿಟ್ಟರು. ಅವಳು ಕಪಾಟಿನ ಮುಂದೆ ಸುಮ್ನೆ ನಿಂತಿದ್ದಳು. ಒಂದೊಂದು ವಸ್ತು ಮುಟ್ಟುವ ಮುಂಚೆಯೂ ಟೀಚರ್ ಹತ್ತಿರ "ಆಂಟಿ, ಇದು ತಗೊಳ್ಳಲಾ?" ಅಂತ ಕೇಳುತ್ತಿದ್ದಳು. ತಗೊಂಡರೆ ಒಂದೇ ನಿಮಿಷ. "ಆಯ್ತು ಆಂಟಿ, ಈಗ ಏನ್ ಮಾಡ್ಲಿ?"

ಅವತ್ತು ಅವಳು ಪಿಂಕ್ ಟವರ್ ತಗೊಂಡಳು. ಒಂದರ ಮೇಲೊಂದು ಜೋಡಿಸುವ ಹತ್ತು ಗುಲಾಬಿ ಘನಗಳು, ಎಲ್ಲಕ್ಕಿಂತ ದೊಡ್ಡದರ ಒಂದು ಬದಿ 10 ಸೆಂಟಿಮೀಟರ್, ಚಿಕ್ಕದರದ್ದು 1. ಮೂರು ವರ್ಷದ ಮಗು ಒಂದೊಂದನ್ನೇ ಹಿಡಿದು, ಹತ್ತು ಸಲ ಕಪಾಟಿಗೂ ಚಾಪೆಗೂ ಓಡಾಡುತ್ತದೆ. ಆ ಓಡಾಟದಲ್ಲೇ ಗಾತ್ರ, ತೂಕ ಎಲ್ಲ ಅದರ ಕೈಗೆ ಗೊತ್ತಾಗುತ್ತದೆ. ನನ್ನ ಮಗಳು ಮೂರನ್ನು ಎದೆಗೆ ಅವಚಿಕೊಂಡು ಬಂದಳು, ಎರಡು ಬಿತ್ತು. ಪಟಪಟ ಅಂತ ಜೋಡಿಸಿ, ಎದ್ದು ನಿಂತು, ಯಾರು ಶಭಾಷ್ ಅನ್ನುತ್ತಾರೆ ಅಂತ ಸುತ್ತ ನೋಡಿದಳು. ಯಾರೂ ಅನ್ನಲಿಲ್ಲ. ಎಲ್ಲರೂ ಅವರವರ ಕೆಲಸದಲ್ಲಿ ಇದ್ದರು. ಅವಳ ಕೆಳತುಟಿ ನಡುಗಿತು. ನಾನು ಕಿಟಕಿ ಕಡೆ ತಿರುಗಿಕೊಂಡೆ.

ತಡವಾಗಿ ಬಂದ ಮಗುವಿಗೆ ಪಾಠ ತಪ್ಪಿಹೋಗಿರುತ್ತದೆ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ಪಾಠದ ಚಿಂತೆ ಬೇಡ, ಅದು ಹೇಗೋ ಬರುತ್ತದೆ. ನನಗೆ ಏನು ಬೇಕು ಅಂತ ತಾನೇ ಆರಿಸಿ, ಅದರಲ್ಲಿ ಮುಳುಗುವ ಅಭ್ಯಾಸ ಇದೆಯಲ್ಲ, ಅದನ್ನು ಅವಳು ಮೊದಲಿನಿಂದ ಕಲಿಯಬೇಕಿತ್ತು. ಅದಕ್ಕೂ ಮುಂಚೆ ಕಾಯುವುದನ್ನು ಮರೆಯಬೇಕಿತ್ತು. ಮರೆಯುವುದಕ್ಕೆ ಜಾಸ್ತಿ ದಿನ ಹಿಡಿಯಿತು.

ಆಂಟಿ ಏನು ಮಾಡಿದರು ಅಂದರೆ, ಮೂರು ವರ್ಷದವರ ಕಪಾಟಿನಿಂದ ಅವಳನ್ನು ಮೆಲ್ಲಗೆ ಈಚೆ ಕರೆದುಕೊಂಡು ಬಂದು ಮೇಜು ತೊಳೆಯುವುದನ್ನು ತೋರಿಸಿಕೊಟ್ಟರು. ಏಪ್ರನ್ ಕಟ್ಟಿಕೊಳ್ಳಬೇಕು, ಜಗ್‌ನಲ್ಲಿ ನೀರು ತರಬೇಕು, ಬ್ರಷ್‌ಗೆ ಸೋಪು ಹಚ್ಚಿ ಸುತ್ತಿ ಸುತ್ತಿ ಉಜ್ಜಬೇಕು, ಸ್ಪಂಜಿನಲ್ಲಿ ನೊರೆ ತೆಗೆಯಬೇಕು, ಒಣ ಬಟ್ಟೆಯಲ್ಲಿ ಒರೆಸಬೇಕು, ಕೊಳೆ ನೀರು ಚೆಲ್ಲಿ ಎಲ್ಲವನ್ನೂ ಮೊದಲಿದ್ದ ಹಾಗೇ ಇಡಬೇಕು. ಐದು ವರ್ಷದವರಿಗೆ ಇಷ್ಟು ಉದ್ದದ ಕೆಲಸವೇ ಬೇಕು, ಒಂದು ನಿಮಿಷದಲ್ಲಿ ಮುಗಿಸಿಬಿಡಲು ಆಗುವುದಿಲ್ಲ. ಮೂರನೇ ತಿಂಗಳಲ್ಲಿ ಒಂದು ದಿನ ಅವಳು ಅದೇ ಮೇಜನ್ನು ನಾಲ್ಕು ಸಲ ತೊಳೆದಳಂತೆ, ಯಾರನ್ನೂ ಕೇಳದೆ. ಅವತ್ತು ಮನೆಗೆ ಬಂದವಳ ತೋಳೆಲ್ಲ ಒದ್ದೆ, ಬೆರಳ ತುದಿ ಸುಕ್ಕುಗಟ್ಟಿತ್ತು. ಮಾತೇ ಇಲ್ಲ, ಮುಖ ಮಾತ್ರ ಶಾಂತವಾಗಿತ್ತು. ಅಂಥ ಮುಖ ನಾನು ಎಷ್ಟೋ ತಿಂಗಳಿಂದ ನೋಡಿರಲಿಲ್ಲ.

ಅಲ್ಲಿಂದ ಮುಂದಕ್ಕೆ ಬೇಗ ಸಾಗಿತು. ಬಾಯಿಪಾಠದಲ್ಲಿ ಅವಳು ನೂರರವರೆಗೂ ಹೇಳುತ್ತಿದ್ದಳು, ಆದರೆ ನೂರು ಅಂದರೆ ಎಷ್ಟು ಅಂತ ಗೊತ್ತಿರಲಿಲ್ಲ. ಗೋಲ್ಡನ್ ಬೀಡ್ಸ್‌ನಲ್ಲಿ ಒಂದು ಅಂದರೆ ಒಂದೇ ಮಣಿ, ಹತ್ತು ಅಂದರೆ ಹತ್ತು ಮಣಿ ಪೋಣಿಸಿದ ಕಡ್ಡಿ, ಅಂಥ ಹತ್ತು ಕಡ್ಡಿ ಸೇರಿದರೆ ನೂರರ ಚೌಕ, ಹತ್ತು ಚೌಕ ಸೇರಿದರೆ ಸಾವಿರದ ಘನ. ಒಂದು ಕೈಯಲ್ಲಿ ಒಂಟಿ ಮಣಿ, ಇನ್ನೊಂದು ಕೈಯಲ್ಲಿ ಸಾವಿರ ಹಿಡಿದು ಬಹಳ ಹೊತ್ತು ನಿಂತಿದ್ದಳಂತೆ. ಮನೆಗೆ ಬಂದು ನನಗೆ ಹೇಳಿದ್ದು ಇಷ್ಟೇ: "ಅಮ್ಮಾ, ಸಾವಿರ ಭಾರ ಇರುತ್ತೆ."

ಅಕ್ಷರದ ವಿಷಯ ಮಾತ್ರ ಸುಲಭ ಇರಲಿಲ್ಲ. ಉಪ್ಪುಕಾಗದದ ಅಕ್ಷರಗಳ ಮೇಲೆ ಬೆರಳಾಡಿಸುವ ಆಸೆ ಚಿಕ್ಕ ಮಕ್ಕಳಲ್ಲಿ ಜಾಸ್ತಿ, ಇವಳಿಗೆ ಅದು ಬೇಜಾರು. ಮುಂಚೆಯೇ ಪೆನ್ಸಿಲನ್ನು ಮುಷ್ಟಿ ಬಿಗಿದು ಹಿಡಿಯುವುದು ರೂಢಿಯಾಗಿತ್ತು, ಅದನ್ನು ಸಡಿಲಿಸಲು ತಿಂಗಳುಗಟ್ಟಲೆ ಲೋಹದ ಆಕಾರಗಳನ್ನು ಇಟ್ಟು ಗೆರೆ ಎಳೆಸಿದರು. ಎರಡೂವರೆಗೆ ಬಂದಿದ್ದರೆ ಇಷ್ಟು ಕಷ್ಟ ಪಡಬೇಕಿರಲಿಲ್ಲ ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ. ಅದನ್ನು ಮುಚ್ಚಿಡಲ್ಲ.

ಇನ್ನೊಂದು ವಿಷಯ ನಾನು ಯೋಚಿಸಿಯೇ ಇರಲಿಲ್ಲ. ಅವಳು ವಯಸ್ಸಿನಲ್ಲಿ ದೊಡ್ಡವಳು, ಆ ಶಾಲೆಗೆ ಹೊಸಬಳು. ಮೂರೂವರೆ ವರ್ಷದವನೊಬ್ಬ ಬಂದು ಚಾಪೆ ಹೀಗೆ ಸುತ್ತಬೇಕು ಅಂತ ಅವಳಿಗೇ ತೋರಿಸಿಕೊಟ್ಟಾಗ ಅವಮಾನವಾಗಿ ಅತ್ತಿದ್ದಳು. ಕೆಲವು ವಾರ ಆದ ಮೇಲೆ ಅದೇ ಹುಡುಗ ಏಪ್ರನ್ ದಾರ ಹಿಡಿದುಕೊಂಡು "ಅಕ್ಕಾ, ಕಟ್ಟು" ಅಂತ ಬೆನ್ನು ತಿರುಗಿಸಿ ನಿಂತನಂತೆ. ಅವತ್ತು ರಾತ್ರಿ ಅವನ ಹೆಸರು ಎಷ್ಟು ಸಲ ಬಂತೋ ಲೆಕ್ಕವಿಲ್ಲ.

ನೀವೂ ಇದೇ ಯೋಚನೆಯಲ್ಲಿದ್ದರೆ, ಸೇರಿಸುವ ಮುಂಚೆ ಒಂದು ಬೆಳಿಗ್ಗೆ ಹೋಗಿ ಕೂತು ನೋಡಿ. ಮಾಂಟೆಸ್ಸರಿ ಅಂತ ಬೋರ್ಡ್ ಯಾರು ಬೇಕಾದರೂ ಹಾಕಿಕೊಳ್ಳಬಹುದು. ಮೂರೂ ವಯಸ್ಸಿನವರು ನಿಜವಾಗಿ ಒಟ್ಟಿಗೆ ಇದ್ದಾರಾ, ಎರಡು ಮೂರು ಗಂಟೆ ಬೆಲ್ ಹೊಡೆಯದೆ ಕೆಲಸ ಮಾಡಲು ಬಿಡುತ್ತಾರಾ, ತಡವಾಗಿ ಬಂದ ಮಗುವಿಗೆ ಮೊದಲು ಏನು ಕೊಡುತ್ತೀರಿ ಅಂದರೆ ಏನು ಹೇಳುತ್ತಾರೆ, ಇಷ್ಟು ತಿಳಿದುಕೊಳ್ಳಿ. ಕಳೆದ ಎರಡು ವರ್ಷವನ್ನು ತುಂಬಿಸಲು ಮನೆಗೂ ಆ ಸಾಮಾನು ತರಬೇಡಿ. ಮನೆಯಲ್ಲಿ ನಿಜವಾದ ಪೊರಕೆ ಕೊಡಿ, ನಿಜವಾದ ಪಾತ್ರೆ ಕೊಡಿ, ಸಾಕು.

ಆಗಲೇ ಐದೂವರೆ ದಾಟಿದ್ದರೆ ನಾನಾದರೆ ಕೆಲವೇ ತಿಂಗಳಿಗೋಸ್ಕರ ಮೂರರಿಂದ ಆರರ ಈ ಕೋಣೆಗೆ ಸೇರಿಸಲ್ಲ. ಮಗು ಅಲ್ಲಿ ಒಗ್ಗಿಕೊಳ್ಳುವ ಹೊತ್ತಿಗೆ ಎತ್ತಿಕೊಂಡು ಹೋಗಬೇಕಾಗುತ್ತದೆ, ಅದು ಮಗುವನ್ನು ಎರಡು ಸಲ ಅಳುವಂತೆ ಮಾಡಿದ ಹಾಗೆ. ಆರರಿಂದ ಹನ್ನೆರಡರ ಮಾಂಟೆಸ್ಸರಿ ಸಿಗುವಂತಿದ್ದರೆ ಅಲ್ಲಿಗೇ ಹೋಗಿ ಕೇಳಿ. ಆ ವಯಸ್ಸಿನ ಮಕ್ಕಳಿಗೆ ಯಾಕೆ, ಹೇಗೆ ಅನ್ನುವ ಪ್ರಶ್ನೆಗಳೇ ಜಾಸ್ತಿ, ಅಲ್ಲಿನ ಪಾಠವೂ ಭೂಮಿ ಹೇಗೆ ಹುಟ್ಟಿತು ಅನ್ನುವ ಕಥೆಯಿಂದ ಶುರುವಾಗುತ್ತದೆ. ಅಲ್ಲಿ ಹೊಸಬರಾದರೂ ನಡೆಯುತ್ತದೆ.