ಅದು ಗೊಡ್ಡಲ್ಲ, ಗಂಡು ಮಾಡಹಾಗಲ

ಪುಷ್ಯ ಮಳೆ ಆ ದಿನ ಸ್ವಲ್ಪ ಹೊಳವಾಗಿತ್ತು. ಬೇಲಿ ಸವರಲು ಬಂದವರು ದಾಸವಾಳದ ಮೇಲೆ ಹಬ್ಬಿದ್ದ ಬಳ್ಳಿ ತೋರಿಸಿ, "ಇದು ಗೊಡ್ಡು ಮಾರಾಯ್ರೆ, ಬರೀ ಹೂ ಬಿಡ್ತದೆ. ಕಿತ್ತು ಹಾಕ್ಲಾ?" ಎಂದು ಕೇಳಿದರು. ಬೇಡ ಎಂದೆ. ಪ್ರತಿ ವರ್ಷ ಮುಂಗಾರು ಬಿದ್ದ ಕೂಡಲೇ ತಾನಾಗೇ ಏಳುವ, ಚಳಿಗಾಲ ಬರುವ ಹೊತ್ತಿಗೆ ಒಣಗಿ ಕಾಣೆಯಾಗುವ ಬಳ್ಳಿ ಅದು. ಅಂದರೆ ನೆಲದಡಿ ಗಡ್ಡೆ ಇರಲೇಬೇಕು. ಹಾಗಿರುವಾಗ ಅದು ಯಾವುದು ಅಂತ ತಿಳಿಯದೆ ಕೀಳುವುದು ನನಗೆ ಸರಿ ಕಾಣಲಿಲ್ಲ.

ಕೆಲಸದವರು ಊಟಕ್ಕೆ ಕೂತಾಗ ನಾನು ಬಳ್ಳಿಯ ಹತ್ತಿರ ಕೂತೆ. ತೊಂಡೆ ಅಲ್ಲ, ತೊಂಡೆಯ ಹೂ ಬಿಳಿ. ಮಾಮೂಲಿ ಹಾಗಲವೂ ಅಲ್ಲ. ಹಾಗಲದ ಎಲೆ ಆಳವಾಗಿ ಸೀಳಿರುತ್ತದೆ, ಇದರ ಎಲೆ ಹೆಚ್ಚುಕಮ್ಮಿ ಇಡಿಯಾಗಿತ್ತು. ಅಲ್ಲೊಂದು ಇಲ್ಲೊಂದು ಎಲೆ ಮಾತ್ರ ಮೂರು ಭಾಗವಾಗಿತ್ತು. ಮೊಗ್ಗು ನೋಡಿದ ಮೇಲೆ ಅನುಮಾನ ಉಳಿಯಲಿಲ್ಲ. ಉದ್ದನೆಯ ತೊಟ್ಟು, ಅದರ ತುದಿಯಲ್ಲಿ ಮೊಗ್ಗಿನ ಕೆಳಗೇ ಒಂದು ಪುಟ್ಟ ಹಸಿರು ಎಲೆ ಮಡಚಿಕೊಂಡು ಕೊಪ್ಪೆಯ ಹಾಗೆ ಮೊಗ್ಗನ್ನು ಮುಚ್ಚಿತ್ತು. ಇದು ಮಾಡಹಾಗಲ, ಅದರಲ್ಲೂ ಗಂಡು ಬಳ್ಳಿ.

ಮನೆಯಲ್ಲಿ ಬೆಳೆಸುವ ಹಾಗಲದ ಒಂದೇ ಬಳ್ಳಿಯಲ್ಲಿ ಗಂಡು ಹೂ, ಹೆಣ್ಣು ಹೂ ಎರಡೂ ಬಿಡುತ್ತವೆ. ಮಾಡಹಾಗಲ ಹಾಗಲ್ಲ. ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಹೂ ಬಿಡುವವರೆಗೂ ಯಾವುದು ಯಾವುದೆಂದು ಹೇಳುವುದು ಕಷ್ಟ. ಗಂಡು ಬಳ್ಳಿ ಎಷ್ಟು ಹೂ ಬಿಟ್ಟರೂ ಒಂದು ಕಾಯಿ ಕೊಡುವುದಿಲ್ಲ. ಹಾಗಾಗಿ ಜನ ಅದನ್ನು ಗೊಡ್ಡು ಅಂತ ಕೀಳುತ್ತಾರೆ. ಆಮೇಲೆ ಹೆಣ್ಣು ಬಳ್ಳಿಯಲ್ಲೂ ಕಾಯಿ ನಿಲ್ಲುವುದಿಲ್ಲ.

ಆಗ ಮೇಲಿನ ಮನೆ ಅಜ್ಜಿ ನೆನಪಾದರು. ಅವರದ್ದು ಎರಡು ವರ್ಷದಿಂದ ಒಂದೇ ದೂರು. ಚಪ್ಪರದ ತುಂಬ ಮಾಡಹಾಗಲ ಹಬ್ಬಿದೆ, ಹೂವಿನ ಜೊತೆಗೇ ಮುಳ್ಳುಮುಳ್ಳು ಮಿಡಿ ಬರುತ್ತದೆ, ನಾಲ್ಕು ದಿನಕ್ಕೆ ಹಳದಿಯಾಗಿ ಉದುರುತ್ತದೆ. ಹೋಗಿ ಕೇಳಿದೆ. ಮೊದಲು ಅವರ ಬೇಲಿಯಲ್ಲಿ ಇನ್ನೊಂದು ಬಳ್ಳಿ ಇತ್ತಂತೆ. ಕಾಯಿ ಬಿಡಲ್ಲ ಅಂತ ಯಾರೋ ಅಗೆದು ಎಸೆದರಂತೆ. ಕೇಳಿ ಹೊಟ್ಟೆ ಉರಿಯಿತು.

ನಮ್ಮ ಕಾಡಿನ ಈ ಸಣ್ಣ ಮಾಡಹಾಗಲದ ಹೂ ಅರಳುವುದು ಸಂಜೆ. ಕತ್ತಲಾಗುತ್ತಿದ್ದ ಹಾಗೆ ನಮ್ಮ ಬೇಲಿಯ ಮೊಗ್ಗುಗಳು ಬಿಚ್ಚಿಕೊಂಡವು. ಹಳದಿ ಎಸಳು, ತೆಳ್ಳಗೆ ಒಂದು ಪರಿಮಳ. ಇದರ ಪರಾಗ ಸಾಗಿಸುವುದು ರಾತ್ರಿ ಹಾರುವ ಪತಂಗಗಳು. ಅವು ಬಂದರೂ ಹತ್ತಿರದಲ್ಲಿ ಗಂಡು ಹೂವೇ ಇಲ್ಲದಿದ್ದರೆ ಏನು ಮಾಡಿಯಾವು, ಅಲ್ವಾ? ಒಂದು ಮುಷ್ಟಿ ಹೂ ಕೊಯ್ದು, ಬಾಳೆ ಎಲೆಯಲ್ಲಿ ಸುತ್ತಿ, ಟಾರ್ಚ್ ಹಿಡಿದು ಅಜ್ಜಿಯ ಮನೆಗೆ ನಡೆದೆ.

ಹೆಣ್ಣು ಹೂವನ್ನು ಗುರುತಿಸುವುದು ಸುಲಭ. ಎಸಳಿನ ಕೆಳಗೆ ಆಗಲೇ ಪುಟ್ಟ ಮಾಡಹಾಗಲ ಕಾಯಿ ಇರುತ್ತದೆ, ಮೈಮೇಲೆ ಮೆತ್ತನೆ ಮುಳ್ಳು ಸಮೇತ. ಅಜ್ಜಿ ಟಾರ್ಚ್ ಹಿಡಿದರು. ನಾನು ಗಂಡು ಹೂವಿನ ಎಸಳು ಕಿತ್ತು, ನಡುವಿನ ಕೇಸರವನ್ನು ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಒರೆಸಿದೆ. ಹಳದಿ ಹುಡಿ ಅಂಟಿದ್ದು ಬೆಳಕಿನಲ್ಲಿ ಚೆನ್ನಾಗಿ ಕಂಡಿತು. ಮುಟ್ಟಿದ ಹೂವಿಗೆಲ್ಲ ಗುರುತಿಗೆ ಬಾಳೆನಾರು ಕಟ್ಟಿದೆವು. ಕೆಲವು ಹೂಗಳನ್ನು ಬೇಕೆಂದೇ ಹಾಗೇ ಬಿಟ್ಟೆವು.

ನಾರು ಕಟ್ಟದ ಮಿಡಿಗಳು ಯಾವತ್ತಿನಂತೆ ಹಳದಿಯಾಗಿ ಉದುರಿದವು. ನಾರು ಕಟ್ಟಿದವುಗಳಲ್ಲಿ ಹೆಚ್ಚಿನವು ಉಬ್ಬಿ, ಭಾರಕ್ಕೆ ತೊಟ್ಟು ಬಗ್ಗಿತು. ಬೀಜ ಗಟ್ಟಿಯಾಗುವ ಮೊದಲೇ ಕೊಯ್ಯಬೇಕು. ಅಜ್ಜಿ ಬಿಲ್ಲೆ ಹೆಚ್ಚಿ, ಅಕ್ಕಿಹಿಟ್ಟು ಖಾರ ಸವರಿ, ಕಾವಲಿ ಮೇಲೆ ಹುರಿದು ಕೊಟ್ಟರು. ಹಾಗಲ ಅಂತ ಹೆಸರಿದ್ದರೂ ಕಹಿಯೇ ಇಲ್ಲ.

ಪೇಟೆಯಲ್ಲಿ ಸಿಗುವ ದಪ್ಪ ಮಾಡಹಾಗಲ ಬೇರೆ ಜಾತಿ. ಅದರ ಹೂ ದೊಡ್ಡದು, ನಡುವಲ್ಲಿ ಕಪ್ಪು ಮಚ್ಚೆ, ಅರಳುವುದು ಬೆಳಿಗ್ಗೆ. ಕೊಡಗಿನ ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದ 'ಅರ್ಕಾ ಭಾರತ್' ತಳಿ ಆ ಜಾತಿಯದು. ಅದನ್ನು ಬೆಳೆಯುವವರು ಬೆಳಿಗ್ಗೆಯೇ ಕೈಯಿಂದ ಪರಾಗ ಮುಟ್ಟಿಸುತ್ತಾರೆ. ಎಂಟು ಹತ್ತು ಹೆಣ್ಣು ಬಳ್ಳಿಗೆ ಒಂದು ಗಂಡು ಸಾಕು. ಆದರೆ ಆ ಒಂದು ಇರಲೇಬೇಕು.

ಬೀಜ ಹಾಕಿದರೆ ಮೊಳೆಯಲು ತಡ, ಗಂಡೋ ಹೆಣ್ಣೋ ಅನ್ನುವುದೂ ಅದೃಷ್ಟ. ಗಡ್ಡೆ ನೆಟ್ಟರೆ ತಾಯಿ ಬಳ್ಳಿ ಯಾವುದೋ ಅದೇ ಬರುತ್ತದೆ. ಹಾಗಾಗಿ ಬಳ್ಳಿ ಒಣಗುವ ಮೊದಲೇ ಎರಡೂ ಮನೆಯಲ್ಲಿ ಬುಡಕ್ಕೆ ಗೂಟ ಹೊಡೆದು, ಯಾವುದು ಗಂಡು, ಯಾವುದು ಹೆಣ್ಣು ಅಂತ ಬರೆದಿಟ್ಟಿದ್ದೇವೆ. ಬೇಸಿಗೆ ಕೊನೆಗೆ ಅಜ್ಜಿಯ ಗಡ್ಡೆಯ ಒಂದು ತುಂಡು ನಮ್ಮ ಬೇಲಿಗೆ, ನಮ್ಮದರ ಒಂದು ತುಂಡು ಅವರ ಚಪ್ಪರದ ಬುಡಕ್ಕೆ. ಬೇಲಿ ಸವರುವವರೂ ತಮಗೊಂದು ಜೋಡಿ ಬೇಕು ಅಂದಿದ್ದಾರೆ.