ಗವಿಪುರದ ಬಿಸಿಲು

ಇವತ್ತು ಸಂಕ್ರಾಂತಿ ಅಲ್ವಾ, ಬೆಂಗಳೂರಿನ ಗವಿ ಗಂಗಾಧರೇಶ್ವರನ ಗುಡಿ ಹತ್ತಿರ ಜನವೋ ಜನ. ವರ್ಷಕ್ಕೆ ಒಂದೇ ಸಲ, ಈ ದಿನ ಮಾತ್ರ, ಬಿಸಿಲು ಒಳಗಿನ ಶಿವಲಿಂಗವನ್ನು ಮುಟ್ಟುತ್ತದೆ ಅನ್ನುವುದು ಜನರ ಮಾತು. ಹೊರಗಿನ ಟಿ.ವಿ. ಪರದೆಯಲ್ಲೇ ನೋಡಿದೆವು. ಸಂಜೆ ಬಿಸಿಲು ನಂದಿಯ ಕೊಂಬುಗಳ ನಡುವೆ ನುಸುಳಿತು. ಮೆಲ್ಲಗೆ ಲಿಂಗದ ಮೇಲೆ ಬಂತು.

ಮಗಳಿಗೆ ಹೇಳಿದೆ: ಸೂರ್ಯ ಈಗ ಭೂಮಧ್ಯರೇಖೆಯಿಂದ ಸುಮಾರು 21 ಡಿಗ್ರಿ ದಕ್ಷಿಣಕ್ಕಿದ್ದಾನೆ. ನವೆಂಬರ್ ಕೊನೆಯಲ್ಲೂ ಅಲ್ಲೇ ಇರುತ್ತಾನೆ. ಆಗಲೂ ಬಿಸಿಲು ಹೀಗೇ ಬೀಳುತ್ತದೆ.

"ಹಾಗಾದ್ರೆ ದೇವರು ಇಲ್ವಾ ಅಪ್ಪಾ?"

ವರ್ಷಕ್ಕೆ ಒಂದೇ ಸಲ ಅನ್ನುವ ಮಾತನ್ನು ವಿಜ್ಞಾನ ಪರೀಕ್ಷೆ ಮಾಡಬಹುದು, ತಪ್ಪು ಅಂತಲೂ ತೋರಿಸಬಹುದು. ಅದು ಬೇಕೇ ಬೇಕು. ಆದರೆ ದೇವರನ್ನು ಯಾವ ಕೋನದಲ್ಲಿಟ್ಟು ಅಳೆಯುವುದು? ನನಗಂತೂ ದಾರಿ ಕಾಣಲಿಲ್ಲ. ಅವಳಿಗೂ ಅಷ್ಟೇ ಹೇಳಿದೆ.

ಪಕ್ಕದಲ್ಲಿದ್ದ ಅಜ್ಜಿ ಕೈ ಮುಗಿದು ಕಣ್ಣು ಮುಚ್ಚಿಕೊಂಡಿದ್ದರು. ಬಿಸಿಲು ಸರಿದು ಆಗಲೇ ಎರಡು ನಿಮಿಷವಾಗಿತ್ತು.