ಅತ್ತಿಗೆಯ ತೋಟ, ಮಂಗ ಮತ್ತು 20 ಅಂಕ

ಜೂನ್ ಕೊನೆಯ ವಾರ

ತೀರ್ಥಹಳ್ಳಿ ಕಡೆಯ ಒಂದು ಸಣ್ಣ ಶಾಲೆಯಲ್ಲಿ ನಾನು ಏಳನೇ ಕ್ಲಾಸಿಗೆ ಕನ್ನಡ ಮೇಷ್ಟ್ರು. ನಮ್ಮ ಮಕ್ಕಳ ಪ್ರಬಂಧದಲ್ಲಿ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಲ್ಲವೂ ಇರುತ್ತವೆ. ಆದರೆ ಓದಿ ಮುಗಿಸಿದಾಗ ನನ್ನ ಮನಸ್ಸು ಮಾತ್ರ ಇದ್ದಲ್ಲೇ ಇರುತ್ತದೆ. ಅದೇ ಮಕ್ಕಳು ಆಟಕ್ಕೆ ಬಿಡಿ ಅಂತ ಗಂಟು ಬೀಳುವಾಗ ನೋಡಬೇಕು, ವಕೀಲರು ಸೋಲುತ್ತಾರೆ. ಆ ಮಾತು ಕಾಗದಕ್ಕೆ ಬರುತ್ತದಾ? ಬಂದರೆ ಅಂಕ ಹಾಕುವುದು ಹೇಗೆ? ಈ ಮಳೆಗಾಲದ ನನ್ನ ಹುಚ್ಚು ಇದು. ಪರೀಕ್ಷೆಗೂ ಇದಕ್ಕೂ ಸಂಬಂಧವಿಲ್ಲ.

ಮಕ್ಕಳಿಂದ ವಾದದ ಪತ್ರ ಬರೆಸಿ ಅಂಕ ಹಾಕಲು ಐದು ಅಂಶ ಇಟ್ಟುಕೊಂಡೆ: ನಿಲುವು, ಕಾರಣ, ಪುರಾವೆ, ಒಪ್ಪದವರಿಗೆ ಉತ್ತರ, ಭಾಷೆ. ಒಂದೊಂದಕ್ಕೆ 4, ಒಟ್ಟು 20. ಮೊದಲ ನಾಲ್ಕು ಹೊಸದೇನಲ್ಲ. ಸ್ಟೀಫನ್ ಟೂಲ್ಮಿನ್ ಎಂಬ ತತ್ವಶಾಸ್ತ್ರಜ್ಞ 1958ರಲ್ಲಿ ವಾದವನ್ನು ಬಿಡಿಬಿಡಿಯಾಗಿ ಬಿಚ್ಚಿಟ್ಟಿದ್ದ, ಅದರ ಮಕ್ಕಳ ಆವೃತ್ತಿ ಅಂದುಕೊಳ್ಳಿ.

ಎರಡನೇ ಓದುಗರು ನಮ್ಮ ಅತ್ತಿಗೆ. ನಿವೃತ್ತ ಟೀಚರ್, ಸಾಗರದ ಹತ್ತಿರ ಮನೆ. ಪತ್ರಗಳ ಫೋಟೊ ವಾಟ್ಸಾಪಿನಲ್ಲಿ ಕಳಿಸುತ್ತೇನೆ. ಮಕ್ಕಳ ಹೆಸರಿಲ್ಲ, ನಂಬರ್ ಮಾತ್ರ. ಇಬ್ಬರೂ ಬೇರೆ ಬೇರೆಯಾಗಿ ಅಂಕ ಹಾಕಿ, ಆಮೇಲೆ ಹೋಲಿಸುತ್ತೇವೆ.

ಜುಲೈ, ಮೊದಲ ಸುತ್ತು

ವಿಷಯ: ಮಳೆ ರಜೆಯ ಪಾಠವನ್ನು ಶನಿವಾರ ಮಧ್ಯಾಹ್ನ ತುಂಬಿಸಿಕೊಳ್ಳಬೇಕಾ? ಪತ್ರ ಬರೆಯಬೇಕಾದ್ದು ಹೆಡ್‌ಮಾಸ್ಟರಿಗೆ.

ಕೆಟ್ಟ ಆಯ್ಕೆ. 31 ಮಕ್ಕಳಲ್ಲಿ 31 ಮಂದಿಯೂ ಬೇಡ ಅಂದರು! ಎಲ್ಲರೂ ಒಂದೇ ಕಡೆ ನಿಂತರೆ ಯಾರಿಗೆ ಉತ್ತರ ಕೊಡುವುದು? ಮೇಲಿಂದ 'ಮಾನ್ಯರೇ', ಕೆಳಗೆ 'ವಂದನೆಗಳೊಂದಿಗೆ', ನಡುವೆ ಮೂರು ಸಾಲು. ಆರು ಮಂದಿ 'ವೇದ ಸುಳ್ಳಾದರೂ ಗಾದೆ ಸುಳ್ಳಾಗದು' ಎಂದು ಶುರು ಮಾಡಿದ್ದರು. ಮುಂದೆ ಗಾದೆಯೇ ಇರಲಿಲ್ಲ.

ಅಂಕದಲ್ಲಿ ಮಾತ್ರ ಖುಷಿಯಾಗುವ ಒಂದು ಸಂಗತಿ ಸಿಕ್ಕಿತು. 'ಒಪ್ಪದವರಿಗೆ ಉತ್ತರ' ಇದೆಯೋ ಇಲ್ಲವೋ ಅಂತ ನೋಡಿದರೆ, 31ರಲ್ಲಿ 27 ಪತ್ರಗಳಿಗೆ ನಾನೂ ಅತ್ತಿಗೆಯೂ ಒಂದೇ ತೀರ್ಪು ಕೊಟ್ಟಿದ್ದೆವು. ಶೇ. 87. ಬೀಗಿದೆ. ರಾತ್ರಿ ಕರೆಂಟ್ ಹೋದಾಗ ಮೊಬೈಲ್ ಬೆಳಕಿನಲ್ಲಿ ಮತ್ತೆ ನೋಡಿದರೆ, ಆ 27ಕ್ಕೂ ಇಬ್ಬರೂ 'ಇಲ್ಲ' ಅಂದಿದ್ದೇವೆ. ನಾನು ಎರಡು ಪತ್ರಗಳಲ್ಲಿ 'ಇದೆ' ಅಂದಿದ್ದೆ. ಅತ್ತಿಗೆಯೂ ಎರಡರಲ್ಲಿ ಅಂದಿದ್ದರು, ಆದರೆ ಬೇರೆ ಎರಡರಲ್ಲಿ. ಅಂದರೆ ಮಕ್ಕಳು ಏನೂ ಬರೆಯದಿದ್ದಾಗ ಮಾತ್ರ ನಮ್ಮಿಬ್ಬರಿಗೆ ಹೊಂದಾಣಿಕೆ.

ಇದಕ್ಕೇ ಜೇಕಬ್ ಕೊಹೆನ್ ಎಂಬ ಮನಃಶಾಸ್ತ್ರಜ್ಞ 1960ರಲ್ಲಿ ಕಪ್ಪಾ ಎಂಬ ಲೆಕ್ಕ ಕೊಟ್ಟದ್ದು. ಸುಮ್ನೆ ಕಣ್ಣು ಮುಚ್ಚಿ ಹಾಕಿದ್ದರೂ ಎಷ್ಟು ಹೊಂದುತ್ತಿತ್ತು ಎಂಬುದನ್ನು ಕಳೆದು, ಉಳಿದದ್ದನ್ನು ಅದು ಅಳೆಯುತ್ತದೆ. ಪೂರ್ತಿ ಹೊಂದಿದರೆ 1, ಬರೀ ಅದೃಷ್ಟವಾದರೆ 0. ನಮ್ಮದು ಸೊನ್ನೆಗಿಂತ ಸ್ವಲ್ಪ ಕೆಳಗೆ ಬಂತು.

ಅತ್ತಿಗೆಗೆ ಬೇಜಾರಾಯಿತು. ಸಮಾಧಾನಕ್ಕೆ 1961ರ ಒಂದು ಅಮೆರಿಕನ್ ಅಧ್ಯಯನದ ಕಥೆ ಹೇಳಿದೆ. 300 ಪ್ರಬಂಧ, 53 ಓದುಗರು, ಒಂಬತ್ತು ದರ್ಜೆ. ಶೇ. 94ರಷ್ಟು ಪ್ರಬಂಧಗಳಿಗೆ ಕನಿಷ್ಠ ಏಳು ಬೇರೆ ಬೇರೆ ದರ್ಜೆ ಬಿದ್ದಿತ್ತು. "ಹಂಗಾದ್ರೆ ನಾವೇ ವಾಸಿ ಮಾರಾಯ" ಅಂದರು.

ಆಗಸ್ಟ್

ಎರಡು ಬದಲಾವಣೆ ಮಾಡಿದೆ. ಒಂದು ಪತ್ರಕ್ಕೆ ಐದೂ ಅಂಕ ಒಟ್ಟಿಗೆ ಹಾಕುವುದು ನಿಲ್ಲಿಸಿದೆವು. ಮೊದಲು ಎಲ್ಲ ಪತ್ರಗಳ ನಿಲುವು, ಆಮೇಲೆ ಎಲ್ಲದರ ಕಾರಣ, ಹೀಗೆ. ಇಲ್ಲದಿದ್ದರೆ ಅಕ್ಷರ ಮುದ್ದಾಗಿದ್ದರೆ ವಾದವೂ ಮುದ್ದಾಗಿ ಕಾಣುತ್ತದೆ. ಅನುಮಾನಕ್ಕೆ ಐದು ಹಳೆಯ ಪತ್ರ ಟೈಪ್ ಮಾಡಿ, ಹತ್ತು ದಿನ ಬಿಟ್ಟು ಓದಿದೆ. ಕೋಳಿ ಕೆದರಿದಂತೆ ಬರೆಯುವ ಹುಡುಗನೊಬ್ಬನ 9 ಅಂಕ 13 ಆಯಿತು. ವಾದ ಅದೇ. ನಾಚಿಕೆಯಾಯಿತು.

ಇನ್ನೊಂದು, ಮಾದರಿ ಪತ್ರಗಳು. 0ಗೆ ಒಂದು, 2ಕ್ಕೆ ಒಂದು, 4ಕ್ಕೆ ಒಂದು ಎದುರಿಗಿಟ್ಟುಕೊಂಡು ಹೋಲಿಸುವುದು. 'ಕೆಲವರು ಒಪ್ಪದಿರಬಹುದು' ಎಂಬಷ್ಟಕ್ಕೆ ಅಂಕ ಇಲ್ಲ. ಅವರ ಮಾತು ಏನು ಅಂತ ಹೇಳಬೇಕು.

ಸೆಪ್ಟೆಂಬರ್, ಎರಡನೇ ಸುತ್ತು

ವಿಷಯ: ತೋಟಕ್ಕೆ ನುಗ್ಗುವ ಮಂಗಗಳನ್ನು ಹಿಡಿದು ದೂರದ ಕಾಡಿಗೆ ಬಿಡಬೇಕಾ? ಪತ್ರ ಬರೆಯಬೇಕಾದ್ದು ನಿಮ್ಮ ಅಭಿಪ್ರಾಯ ಒಪ್ಪದ ಗೆಳೆಯ ಅಥವಾ ಗೆಳತಿಗೆ.

ಕ್ಲಾಸ್ ಎರಡು ಹೋಳಾಯಿತು. ಅಡಿಕೆ ತೋಟ ಇರುವ ಮನೆಯವರು ಒಂದು ಕಡೆ, ಇಲ್ಲದವರು ಒಂದು ಕಡೆ. 'ಮಾನ್ಯರೇ' ಮಾಯ. 'ಲೇ, ನಿಮ್ಮನೆಯಲ್ಲಿ ಬಾಳೆಗೊನೆ ಹೋದರೆ ಗೊತ್ತಾಗ್ತಿತ್ತು' ಅಂತ ಒಬ್ಬಳು ಶುರು ಮಾಡಿದ್ದಳು. ಇದಕ್ಕೆ ಭಾಷೆಯ ಅಂಕ ಕಡಿಯುವುದೋ? ನಾನು ಕಡಿಯಲಿಲ್ಲ. ಗೆಳತಿಗೆ ಬರೆದ ಪತ್ರ ತಾನೇ.

ಕಷ್ಟ ಬಂದದ್ದು ಪುರಾವೆಯಲ್ಲಿ. ಹಲವರು 'ಮಂಗನಿಂದ ಮಂಗನ ಕಾಯಿಲೆ ಬರುತ್ತದೆ, ಆದ್ದರಿಂದ ಓಡಿಸಬೇಕು' ಎಂದು ಬರೆದರು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ಈ ಕಾಯಿಲೆ ಮನುಷ್ಯರಿಗೆ ಬರುವುದು ಹೆಚ್ಚಾಗಿ ಉಣ್ಣೆ ಹುಳು (ಉಣುಗು) ಕಚ್ಚಿ. ಮಂಗವೂ ಅದರಿಂದಲೇ ಸಾಯುತ್ತದೆ. ಹಾಗಾದರೆ ತಪ್ಪು ಪುರಾವೆಗೆ ಸೊನ್ನೆಯಾ? ಅತ್ತಿಗೆ ಸೊನ್ನೆ ಅಂದರು. ನಾನು 1 ಅಂದೆ, ಊರಲ್ಲಿ ದೊಡ್ಡವರೇ ಹಾಗೆ ಹೇಳುವಾಗ ಮಗು ಎಲ್ಲಿಗೆ ಹೋಗಬೇಕು? ಕೊನೆಗೆ 1ಕ್ಕೆ ನಿಂತಿತು. ಒಬ್ಬ ಹುಡುಗ ಮಾತ್ರ ಇದನ್ನೇ ತಿರುಗಿಸಿದ್ದ: 'ಹಿಡಿದ ಮಂಗದ ಮೈಮೇಲೆ ಉಣ್ಣೆ ಇದ್ದರೆ? ಬಿಟ್ಟು ಬಂದ ಊರಿನವರು ನಮ್ಮನ್ನು ಬೈಯುವುದಿಲ್ಲವಾ?' 4. ಕೋಳಿ ಕೆದರಿದ ಅಕ್ಷರದವನೇ.

ಒಬ್ಬಳು ಜ್ವರ ಅಂತ ಬಂದಿರಲಿಲ್ಲ. ಹಾಗಾಗಿ 30 ಪತ್ರ. 'ಒಪ್ಪದವರಿಗೆ ಉತ್ತರ' ನನಗೆ 17ರಲ್ಲಿ ಕಂಡಿತು, ಅತ್ತಿಗೆಗೆ 18ರಲ್ಲಿ, ಇಬ್ಬರಿಗೂ 15ರಲ್ಲಿ. 10ರಲ್ಲಿ ಇಬ್ಬರಿಗೂ ಕಾಣಲಿಲ್ಲ. ಹೊಂದಾಣಿಕೆ ಶೇ. 83. ಜುಲೈಗಿಂತ ಕಡಿಮೆ! ಆದರೆ ಕಪ್ಪಾ 0.66. ಈ ಸಲದ್ದು ನಿಜವಾದ ಹೊಂದಾಣಿಕೆ.

ಆಮೇಲೆ ಸುಮ್ನೆ ಕೂರಲಾರದೆ ಇನ್ನೊಂದು ನೋಡಿದೆ. 'ಮಂಗಗಳನ್ನು ಹಿಡಿದು ಕಾಡಿಗೆ ಬಿಡಬಾರದು' ಎಂದ ಮಕ್ಕಳಿಗೆ ಅತ್ತಿಗೆ ಕೊಟ್ಟ ಒಟ್ಟು ಅಂಕ, ನನ್ನದಕ್ಕಿಂತ ಸರಾಸರಿ ಒಂದೂವರೆ ಕಡಿಮೆ. ಇನ್ನೊಂದು ಪಕ್ಷಕ್ಕೆ ಇಬ್ಬರದೂ ಸರಿಸಮ. ಫೋನ್ ಮಾಡಿ ಹೇಳಿದೆ.

"ನಿಂಗೇನು ಗೊತ್ತು, ನಿನ್ನೆ ಎಳೆ ಅಡಿಕೆ ಎಲ್ಲ ಚೀಪಿ ಉದುರಿಸಿ ಹೋಗಿದಾವೆ" ಅಂದರು. ಆಮೇಲೆ ನಕ್ಕರು. ಆಮೇಲೆ ಆ 4 ಅಂಕದ ಪತ್ರ ಇನ್ನೊಮ್ಮೆ ಕಳಿಸು ಅಂದರು.

ದಸರಾ ರಜೆ ಮುಗಿದ ಮೇಲೆ ಮೂರನೇ ಸುತ್ತು. ವಿಷಯ ಹಳ್ಳದ ಕಾಲುಸಂಕ (ನಡೆದು ದಾಟುವ ಸಣ್ಣ ಸೇತುವೆ), ಪತ್ರ ಪಂಚಾಯಿತಿಗೆ. ಮೂರನೇ ಓದುಗರೊಬ್ಬರು ಬೇಕು. ತೋಟ ಇಲ್ಲದವರಾದರೆ ಒಳ್ಳೆಯದು ಅಂದುಕೊಂಡಿದ್ದೆ, ಆದರೆ ಈ ಸಲ ನೋಡಬೇಕಾದ್ದು ಹಳ್ಳ ದಾಟಿ ಬರುವವರೋ ಅಲ್ಲವೋ ಅಂತ. ನಾನು ದಿನಾ ದಾಟುತ್ತೇನೆ.